ಜೋಡಿಗೆಷ್ಟು

ಮಾರ್ಕರಿನ ಮುಚ್ಚಳ ಹಲ್ಲಲ್ಲಿ ಕಚ್ಚಿಕೊಂಡು
ತೊಟ್ಟಿಯ ಗಾಜಿನ ಮೇಲೆ ಬೆಲೆ ಬರೆಯುವುದು ನನ್ನ ಕೆಲಸ.
ಹೆಸರನ್ನು ಎರಡು ಲಿಪಿಯಲ್ಲಿ ಬರೆಯಬೇಕು ಈ ಊರಲ್ಲಿ,
ತುಳುವಿನಲ್ಲಿ ಕೇಳುವವರಿಗೆ ಬೆರಳು ತೋರಿಸಿದರೆ ಆಯಿತು.
ಅಂಕೆಗೆ ಜಗಳವಿಲ್ಲ.
ಅಂಕೆ ಎಲ್ಲರಿಗೂ ಅರ್ಥವಾಗುತ್ತದೆ.

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ,
ಮೊಬೈಲ್ ರಿಪೇರಿಗೂ ಹಲ್ವದ ಅಂಗಡಿಗೂ ನಡುವೆ
ಹನ್ನೊಂದು ತೊಟ್ಟಿ. ಮೂರರಲ್ಲಿ ಮಾತ್ರ ಉಪ್ಪುನೀರು.

ಅಂಬಾಡಿ ಬಂದದ್ದು ಸೋಮವಾರ, ಮಧ್ಯಾಹ್ನದ ಬಿಸಿಲಿಗೆ.
ಬಂಡೆಯಿಂದ ಕಲ್ಲುಮ್ಮಕ್ಕಾಯಿ ಕೆರೆದು ತೆಗೆಯುವವನು,
ಮೊಣಕಾಲು ತುಂಬ ಹಳೆ ಗೀರು, ಹೊಸ ಗೀರು.
ಪೈಂಟಿನ ಬಕೆಟ್ಟಿಗೆ ಒದ್ದೆ ಲುಂಗಿಯ ತುಂಡು ಮುಚ್ಚಿದ್ದ.
ಒಳಗೆ ಎರಡು ಚಿಟ್ಟೆಮೀನು,
ಅರಸಿನದ ಮೇಲೆ ಕಾಡಿಗೆ ಎಳೆದ ಹಾಗೆ.

'ಒಂದಕ್ಕೆ ನೂರು ಕೊಡಿ. ಇನ್ನೊಂದಕ್ಕೆ ಮೂವತ್ತು ಸಾಕು.'
ಎಂತಕ್ಕೆ, ಗಾಯ ಉಂಟಾ?
'ಇಲ್ಲ. ಮೊದಲಿನದ್ದಕ್ಕೆ ನಾಲ್ಕು ಸಲ ಮುಳುಗಿದೆ,
ಎದೆ ಒಡೆಯುವಷ್ಟು.
ಇದಕ್ಕೆ ಕಷ್ಟವೇ ಆಗಲಿಲ್ಲ.
ಬಲೆಯ ಪಕ್ಕ ಬಂದು ನಿಂತಿತ್ತು. ಓಡಲಿಲ್ಲ.'

ನೂರಮೂವತ್ತು ಎಣಿಸಿ ಕೊಟ್ಟೆ.

ಅದ್ರಾಮಚ್ಚನ ಲೆಕ್ಕ ಬೇರೆ. ಅವರು ಕೆಟ್ಟವರಲ್ಲ,
ನನ್ನ ತಮ್ಮನ ಫೀಸು ಕಟ್ಟಿದವರು.
ಹತ್ತು ಮೀನು ಬಂದರೆ ಆರು ಸಾಯುತ್ತದೆ,
ಆ ಆರನ್ನು ಉಳಿದ ನಾಲ್ಕು ಹೊರಬೇಕು ಎನ್ನುತ್ತಾರೆ.
ಮೇಲಿಂದ ಕರೆಂಟು, ಉಪ್ಪಿನ ಚೀಲ, ಬಾಡಿಗೆ.
'ಬಿಡಿಗೆ ಒಂಬೈನೂರು ಬರಿ. ಜೋಡಿಗೆ ಎರಡೂವರೆ ಸಾವಿರ.'
ಎರಡು ಒಂಬೈನೂರು ಎರಡೂವರೆ ಹೇಗಾಗುತ್ತದೆ?
'ಜೋಡಿ ಅಲ್ವಾ ಮೋಳೆ,' ಎಂದು ನಕ್ಕರು.

ಬೆಲೆ ಹೆಚ್ಚಿಸೋಣ ಎಂದು ಹೋದ ವರ್ಷ ಹೇಳಿದ್ದು ನಾನೇ.
ಇಪ್ಪತ್ತರ ಮೀನು ಸತ್ತರೆ ಕಕ್ಕಸಿಗೆ ಸುರಿಯುತ್ತಾರೆ,
ಸಾವಿರದ್ದಾದರೆ ರಾತ್ರಿ ಹನ್ನೊಂದಕ್ಕೂ ಫೋನು ಬರುತ್ತದೆ,
ಸ್ವಲ್ಪ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ.
ನೋಡಿಕೊಂಡರು ಕೂಡ.
ಆದರೆ ಬೆಲೆ ಏರಿದ್ದು ಬಂಡೆಯ ಹುಡುಗರಿಗೆ ಮೊದಲು ಗೊತ್ತಾಯಿತು.
ಸುತ್ತಿಗೆ ಹಿಡಿದುಕೊಂಡು ಹೋದರು.
ಇಳಿಸಿದರೆ ಒಂದು ಪಾಪ, ಏರಿಸಿದರೆ ಇನ್ನೊಂದು,
ಹಾಗೇ ಬಿಟ್ಟರೆ ಅದು ನನ್ನ ಕೈಬರಹದಲ್ಲಿ ಉಳಿಯುತ್ತದೆ.

ಮೀನು ತಿನ್ನುತ್ತಿಲ್ಲ.
ಸಿಗಡಿ ಅರೆದು ಹಾಕಿದೆ, ಮೂಸಿ ಬಿಟ್ಟವು.
ಇವುಗಳ ಅನ್ನ ಸಮುದ್ರದ ತಳದ ಕಲ್ಲಿನ ಮೈಮೇಲೆ ಬೆಳೆಯುವಂಥದ್ದು,
ಅದನ್ನು ಯಾವ ಪ್ಯಾಕೆಟ್ಟಿನಲ್ಲೂ ತುಂಬಲಾಗಿಲ್ಲ.
ಬುಧವಾರ ನೋಡುತ್ತೇನೆ, ಎರಡೂ ಗಾಜಿಗೆ ಬಾಯಿ ಹಚ್ಚಿ
ಕುಕ್ಕುತ್ತಿವೆ,
ನಾನು ಹೊರಗಿನಿಂದ ಬರೆದ ಸೊನ್ನೆಗಳನ್ನು.

ಗುರುವಾರ ನುಸೈಬಾ ಬಂದಳು, ಎಂಟು ವರ್ಷ,
ದುಬೈಯಿಂದ ರಜೆಯಲ್ಲಿ ಬಂದ ಅಪ್ಪನ ಕೈ ಹಿಡಿದು.
'ಇದು ಎಂತ ತಿನ್ನುತ್ತದೆ?'
ಅದ್ರಾಮಚ್ಚ ಕೆಮ್ಮಿದರು.
ಇದು ತಿನ್ನುವುದು ನಮ್ಮಲ್ಲಿ ಇಲ್ಲ ಎಂದೆ. ಎಲ್ಲಿಯೂ ಸಿಗುವುದಿಲ್ಲ ಎಂದೆ.
ಅಪ್ಪ ನನ್ನನ್ನೇ ನೋಡಿದರು, ಚೌಕಾಸಿಗೆ ಇದೂ ಒಂದು ದಾರಿ ಎಂಬಂತೆ.
'ಸರಿ, ಎರಡು ಸಾವಿರಕ್ಕೆ ಕೊಡಿ.'

ಲಕೋಟೆಗೆ ನೀರು ತುಂಬಿ, ಗಾಳಿ ತುಂಬಿ,
ರಬ್ಬರ್ ಬ್ಯಾಂಡು ಎರಡು ಸುತ್ತು ಹಾಕಿದ್ದು ನನ್ನ ಕೈಯೇ.
ಬೇರೆ ಬೇರೆ ಲಕೋಟೆ ಬೇಡ ಎಂದಳು ಹುಡುಗಿ.

ಸಂಜೆ ಅಂಬಾಡಿ ಬಂದ, ಖಾಲಿ ಬಕೆಟ್ಟಿಗೆ.
ಗಾಜಿನ ಮೇಲೆ ಒರೆಸದೆ ಉಳಿದ ಬೆಲೆಯನ್ನು ನೋಡಿದ.
ಸಿಟ್ಟಾಗುತ್ತಾನೆ ಎಂದು ಕಾದೆ.
ಅವನು ಅಂಕೆಯ ಮೇಲೆ ಬೆರಳು ಇಟ್ಟು,
ತುಂಬ ಹೊತ್ತಾದ ಮೇಲೆ ಕೇಳಿದ:
'ಎರಡನೆಯದಕ್ಕೂ ಅಷ್ಟೇ ತಗೊಂಡ್ರಾ?
ಅದು ಸುಮ್ಮನೆ ಬಂದದ್ದು ಅಂತ
ಹೇಳಲಿಲ್ವಾ ನೀವು?'